ಎರಡು ಸಿಸ್ಟಂಗಳ ನಡುವಿನ ಕಸುಬು

ಲಿಫ್ಟ್ ದುರಸ್ತಿ ಕಂಪನಿಯ ಬೆಳಗಿನ ಲೆಕ್ಕ ಸುಲಭದ್ದಲ್ಲ. ಒಬ್ಬ ಮೆಕ್ಯಾನಿಕ್ 10 ಕಟ್ಟಡಗಳಿಗೆ ಹೋಗಬೇಕೆಂದರೆ ಸುತ್ತುವ ಕ್ರಮಗಳೇ 36,28,800. ಪೆಟ್ರೋಲ್ ಸಾಗಿಸುವ ಟ್ರಕ್ಕುಗಳ ಇಂಥದೇ ಸಮಸ್ಯೆಗೆ ಡಾಂಟ್ಜಿಗ್ ಮತ್ತು ರಾಮ್ಸರ್ 1959ರಲ್ಲೇ ಗಣಿತದ ರೂಪ ಕೊಟ್ಟಿದ್ದರು. ಇಂದಿನ ಪ್ಲಾನಿಂಗ್ ಸಾಫ್ಟ್‌ವೇರ್ ಅದೇ ವಂಶದ್ದು. ಅದನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ಮೆಚ್ಚುಗೆ ಅದನ್ನು ಕಂಪನಿಯ ಇಆರ್‌ಪಿಗೆ, ಅಂದರೆ ವ್ಯವಹಾರದ ಲೆಕ್ಕವನ್ನೆಲ್ಲ ಇಡುವ ಸಾಫ್ಟ್‌ವೇರಿಗೆ, ಜೋಡಿಸುವವರಿಗೆ.

ಗ್ರಾಹಕರ ಒಪ್ಪಂದ, ಗೋದಾಮಿನ ಸ್ಟಾಕ್, ಬಿಲ್ಲು ಇರುವುದು ಇಆರ್‌ಪಿಯಲ್ಲಿ. ಯಾರು ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದು ಪ್ಲಾನಿಂಗ್‌ನಲ್ಲಿ. ಯಾವ ಮಾಹಿತಿಗೆ ಯಾವುದು ಯಜಮಾನ ಎಂದು ಗೆರೆ ಎಳೆಯುವುದೇ ಮೊದಲ ಜಾಣತನ. ವಿಳಾಸವನ್ನು ಎರಡೂ ಕಡೆ ತಿದ್ದಲು ಬಿಟ್ಟರೆ ಮೆಕ್ಯಾನಿಕ್ ಹಳೆಯ ಬೀದಿಯಲ್ಲಿ ಬಾಗಿಲು ಹುಡುಕುತ್ತಿರುತ್ತಾನೆ.

ಇನ್ನೂ ಸೂಕ್ಷ್ಮವಾದದ್ದೊಂದಿದೆ. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಮೆಕ್ಯಾನಿಕ್ ‘ಕೆಲಸ ಮುಗಿಯಿತು’ ಎಂದು ಒತ್ತುತ್ತಾನೆ. ಉತ್ತರ ಬಾರದ್ದರಿಂದ ಫೋನು ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ. ಆದರೆ ಮೊದಲನೆಯದು ಆಗಲೇ ತಲುಪಿರಬಹುದು! ಪ್ರತಿ ಸಂದೇಶಕ್ಕೂ ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಬದಿಗಿಡುವಂತೆ ಬರೆದಿದ್ದರೆ ಗ್ರಾಹಕರಿಗೆ ಎರಡು ಬಿಲ್ಲು ಹೋಗುವುದಿಲ್ಲ, ಸ್ಟಾಕಿನಿಂದ ಒಂದು ಮೋಟಾರಿಗೆ ಎರಡು ಕಳೆಯುವುದೂ ಇಲ್ಲ. ಎಷ್ಟು ಚಿಕ್ಕ ಉಪಾಯ, ಎಷ್ಟು ಜಗಳ ಉಳಿತಾಯ. (ಡೆಮೊಗಳಲ್ಲಿ ಮಾತ್ರ ಬಣ್ಣದ ನಕ್ಷೆಗಳದೇ ದರ್ಬಾರು.)

ಇಂಥ ಸಾಫ್ಟ್‌ವೇರ್ ಕೊಳ್ಳಲು ಹೊರಟಿದ್ದೀರಾ? ನಕ್ಷೆ ನೋಡುವ ಮುಂಚೆ, ಒಂದೇ ಸಂದೇಶ ಎರಡು ಸಲ ಬಂದರೆ ಏನಾಗುತ್ತದೆಂದು ಕೇಳಿ.