‘ಹೊಂದುತ್ತದೆ’ ಎಂಬ ಮಾತಿನ ಪರಿಶೀಲನೆ: ಜಾಮಾ ಮತ್ತು ಜೆವಿಎಸ್ ನಿಯಮಗಳು

ನಾಣ್ಯ ಹಾಕಿ ಆಡುವ ವಿಡಿಯೊ ಆಟದ ಯಂತ್ರವು ನೋಡುವವರ ಕಣ್ಣಿಗೆ ಒಂದೇ ವಸ್ತುವಾಗಿ ತೋರಿದರೂ ಅದು ಎರಡರ ಕೂಟ. ಪರದೆ, ಸ್ಪೀಕರ್, ಜಾಯ್‌ಸ್ಟಿಕ್, ಗುಂಡಿಗಳು, ನಾಣ್ಯದ ಬಾಗಿಲು, ವಿದ್ಯುತ್ ಪೂರೈಕೆಯ ಪೆಟ್ಟಿಗೆ ಇವನ್ನೆಲ್ಲ ಒಳಗೊಂಡ ಕ್ಯಾಬಿನೆಟ್ ಒಂದು. ಆಟವು ನೆಲಸಿರುವ ಬೋರ್ಡ್ ಮತ್ತೊಂದು. ಇವೆರಡೂ ಸೇರುವ ಸ್ಥಾನವನ್ನು ಕುರಿತು ಜಪಾನಿನ ತಯಾರಕರ ಸಂಘವು ಎರಡು ಸಲ ನಿಯಮಗಳನ್ನು ರಚಿಸಿತು. ಮೊದಲನೆಯದು 1985ರದು; ಸಂಘದ ಹೆಸರಿನ ಆದ್ಯಕ್ಷರಗಳಿಂದಲೇ ಅದಕ್ಕೆ ಜಾಮಾ ಎಂಬ ಹೆಸರು ನಿಂತಿದೆ. ಎರಡನೆಯದು 1990ರ ದಶಕದ ಉತ್ತರಾರ್ಧದಲ್ಲಿ ಬಂದ ಜೆವಿಎಸ್. ಹಳೆಯ ಆಟಗಳ ಬೋರ್ಡ್‌ಗಳನ್ನು ಸಂಗ್ರಹಿಸುವವರೂ ಮಾರುವವರೂ ದುರಸ್ತಿ ಮಾಡುವವರೂ ಈ ಹೆಸರುಗಳನ್ನು ಇಂದಿಗೂ ಬಳಸುತ್ತಾರೆ. ಬೋರ್ಡಿನ ಮೇಲೆ ‘ಜಾಮಾಕ್ಕೆ ಹೊಂದುತ್ತದೆ’ ಎಂಬ ಚೀಟಿ ಅಂಟಿದ್ದರೆ ವಿಚಾರವು ಅಲ್ಲಿಗೆ ಮುಗಿಯಿತೆಂದು ಬಗೆಯುತ್ತಾರೆ.

ಆ ಚೀಟಿಯ ಮಾತನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ತಾಂತ್ರಿಕ ನಿಯಮವೂ ಒಂದು ಪಠ್ಯವೇ. ಅದು ಹೇಳಿದ್ದನ್ನು ಓದುವಷ್ಟೇ ಎಚ್ಚರಿಕೆಯಿಂದ ಹೇಳದೆ ಬಿಟ್ಟುದನ್ನೂ ಓದಬೇಕು. ಹಾಗೆ ಓದಿದಾಗ, ಹೊಂದಾಣಿಕೆಯೆಂಬುದು ಬೋರ್ಡಿನ ಗುಣವಲ್ಲವೆಂಬುದು ಗೊತ್ತಾಗುತ್ತದೆ. ಅದು ಇಂಥ ಬೋರ್ಡಿಗೂ ಇಂಥ ಕ್ಯಾಬಿನೆಟ್ಟಿಗೂ ನಡುವಣ ಸಂಬಂಧ. ಮೇಲಾಗಿ ಆ ಸಂಬಂಧವು ಎರಡು ದಿಕ್ಕಿನಲ್ಲಿಯೂ ಒಂದೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಇದನ್ನು ಮರೆತುದರಿಂದ ಮತ್ತೆ ದೊರೆಯದ ಬೋರ್ಡ್‌ಗಳು ಸುಟ್ಟುಹೋಗುವ ಸಂಭವವಿದೆಯಾದ ಕಾರಣ ಈ ಚರ್ಚೆ ಕೇವಲ ಶಬ್ದಚರ್ಚೆಯಲ್ಲ.

1985ಕ್ಕೆ ಹಿಂದಿನ ಸ್ಥಿತಿಯನ್ನು ಎರಡು ನಿದರ್ಶನಗಳಿಂದ ತಿಳಿಯಬಹುದು. ನಾಮ್ಕೊ ಕಂಪನಿಯ ‘ಪ್ಯಾಕ್‌ಮ್ಯಾನ್’ (1980) ಬೋರ್ಡಿನ ಅಂಚಿನಲ್ಲಿ 44 ಸಂಪರ್ಕಗಳಿದ್ದವು. ಅದು ಟ್ರಾನ್ಸ್‌ಫಾರ್ಮರಿನಿಂದ ಪರ್ಯಾಯ ವಿದ್ಯುತ್ತನ್ನೇ ಪಡೆದು ತನಗೆ ಬೇಕಾದ ನೇರ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುತ್ತಿತ್ತು. ನಿಂಟೆಂಡೊ ಕಂಪನಿಯ ‘ಡಾಂಕಿ ಕಾಂಗ್’ (1981) ಹೊರಗೆ ಕಳುಹಿಸುತ್ತಿದ್ದ ಚಿತ್ರಸಂಕೇತವು ಉಳಿದವರ ರೂಢಿಗೆ ತಲೆಕೆಳಗು; ಆ ಕಂಪನಿ ಬಳಸಿದ ಪರದೆಗಳಿಗೆ ಅದು ಸರಿ, ಬೇರೆಯವರ ಪರದೆಯಲ್ಲಿ ಬೆಳಕಿದ್ದಲ್ಲಿ ಕತ್ತಲೆ, ಕತ್ತಲೆಯಿದ್ದಲ್ಲಿ ಬೆಳಕು. ಆಟವನ್ನು ಬದಲಾಯಿಸಬೇಕೆಂದ ಅಂಗಡಿಯವನು ಒಳಗಿನ ತಂತಿಗಳನ್ನೆಲ್ಲ ಹೊಸದಾಗಿ ಕಟ್ಟಬೇಕಾಗಿತ್ತು, ಇಲ್ಲವೆ ಇಡೀ ಯಂತ್ರವನ್ನೇ ಬದಲಾಯಿಸಬೇಕಾಗಿತ್ತು. ಜಾಮಾ ನಿಯಮವು ಹುಟ್ಟಿದ್ದು ಈ ವ್ಯಾಪಾರದ ಕಷ್ಟದಿಂದ, ಶಾಸ್ತ್ರಜಿಜ್ಞಾಸೆಯಿಂದಲ್ಲ.

ನಿಯಮದ ಪಠ್ಯವು ಬಹು ಚಿಕ್ಕದು. ಬೋರ್ಡಿನ ಅಂಚಿನ ಎರಡು ಮಗ್ಗುಲುಗಳಲ್ಲಿಯೂ 28ರಂತೆ ಒಟ್ಟು 56 ತಾಮ್ರದ ಸಂಪರ್ಕಗಳು, ಒಂದಕ್ಕೊಂದಕ್ಕೆ 3.96 ಮಿಲಿಮೀಟರ್ ಅಂತರ. ಆರಂಭದ ಎರಡು ಸ್ಥಾನಗಳು ಭೂಸಂಪರ್ಕ; ಮೂರು, ನಾಲ್ಕು 5 ವೋಲ್ಟ್; ಐದು ಋಣ 5 ವೋಲ್ಟ್; ಆರು 12 ವೋಲ್ಟ್. ಏಳನೆಯದರಲ್ಲಿ ಸಂಪರ್ಕವಿಲ್ಲ, ತಪ್ಪಾಗಿ ತೂರಿಸದಂತೆ ತಡೆಯುವ ಕೀಲಿಯ ಸ್ಥಾನ ಅದು. ಅನಂತರ ನಾಣ್ಯದ ಲೆಕ್ಕ, ಸ್ಪೀಕರ್, ಕೆಂಪು ಹಸುರು ನೀಲಿ ಬಣ್ಣಗಳ ಸಂಕೇತ, ಅವುಗಳ ತಾಳ, ಕಡೆಗೆ ಇಬ್ಬರು ಆಟಗಾರರ ಜಾಯ್‌ಸ್ಟಿಕ್ಕು ಮತ್ತು ತಲಾ ಮೂರು ಗುಂಡಿಗಳು. ಕೊನೆಯ ಎರಡು ಸ್ಥಾನಗಳು, ಅಂದರೆ 27 ಮತ್ತು 28, ಮತ್ತೆ ಭೂಸಂಪರ್ಕ.

ಈ ಪಟ್ಟಿಯ ಜೋಡಣೆಯನ್ನು ಸ್ವಲ್ಪ ನಿಂತು ನೋಡಬೇಕು. ಕೀಲಿಯಿಲ್ಲದ ಅಗ್ಗದ ಕನೆಕ್ಟರನ್ನು ಯಾರೋ ಅವಸರದಲ್ಲಿ ತಿರುವುಮುರುವಾಗಿ ತೂರಿಸಿದರೆಂದು ಭಾವಿಸೋಣ. ಆಗ ಒಂದು ಮಗ್ಗುಲಿನ ಮೊದಲನೆಯ ಸ್ಥಾನಕ್ಕೆ ಇನ್ನೊಂದು ಮಗ್ಗುಲಿನ 28ನೆಯದು ಎದುರಾಗುತ್ತದೆ, ಎರಡಕ್ಕೆ 27 ಎದುರಾಗುತ್ತದೆ. ಭೂಸಂಪರ್ಕದ ಮೇಲೆ ಭೂಸಂಪರ್ಕವೇ ಬೀಳುತ್ತದೆ. ಕ್ಯಾಬಿನೆಟ್ಟಿನ 5 ವೋಲ್ಟ್ ಇರುವ ಮೂರು ಮತ್ತು ನಾಲ್ಕು ಬೋರ್ಡಿನ 26 ಮತ್ತು 25ರ ಮೇಲೆ ಬೀಳುತ್ತವೆ. ಮೂಲ ನಿಯಮದಲ್ಲಿ ಅವೆರಡೂ ಖಾಲಿ. ಇಲ್ಲಿಯವರೆಗೆ ಅಪಾಯವಿಲ್ಲ. ಇದನ್ನು ಬೇಕೆಂದೇ ಹೀಗೆ ಜೋಡಿಸಿದರೋ ತಾನಾಗಿ ಹಾಗೆ ಬಂದಿತೋ, ಓದುವವನಿಗೆ ಮೆಚ್ಚಿಕೆಯಂತೂ ಆಗುತ್ತದೆ. ಆದರೆ ಮುಂದಿನ ಹೆಜ್ಜೆಯಲ್ಲಿ ಋಣ 5 ವೋಲ್ಟ್ ಮೂರನೆಯ ಗುಂಡಿಯ ಸ್ಥಾನಕ್ಕೂ, 12 ವೋಲ್ಟ್ ಎರಡನೆಯ ಗುಂಡಿಯ ಸ್ಥಾನಕ್ಕೂ ಹೋಗಿ ತಗಲುತ್ತವೆ. ಗುಂಡಿಯ ಸಂಕೇತವನ್ನು ಓದುವ ಚಿಪ್ಪು 5 ವೋಲ್ಟಿನದು. ಅದರ ಬಾಗಿಲಿಗೆ 12 ವೋಲ್ಟ್ ಬಂದರೆ ಉಳಿಯುವ ಭರವಸೆಯಿಲ್ಲ. ಹೀಗೆ ಈ ಪಟ್ಟಿಯು ಆರರಲ್ಲಿ ನಾಲ್ಕು ಹೆಜ್ಜೆ ಕಾಪಾಡಿ ಐದು ಮತ್ತು ಆರರಲ್ಲಿ ಕೈಬಿಡುತ್ತದೆ. ಕೀಲಿಯ ಒಂದು ತುಂಡು ಪ್ಲಾಸ್ಟಿಕ್ಕಿನ ಬೆಲೆ ಎಷ್ಟೆಂಬುದು ಇಲ್ಲಿ ತಿಳಿಯುತ್ತದೆ. ಅದನ್ನು ಕಿತ್ತುಹಾಕಿ ಮಾರುವವರಿಗೆ ಈ ಪಟ್ಟಿಯನ್ನು ಒಮ್ಮೆ ಓದಿಸಬೇಕು.

ಇನ್ನು ಪಟ್ಟಿಯ ಮೌನಗಳ ವಿಚಾರ. 5 ವೋಲ್ಟ್ ಎಂದರೆ ಎಲ್ಲಿಯ 5 ವೋಲ್ಟ್? ಪೂರೈಕೆಯ ಪೆಟ್ಟಿಗೆಯ ಬಾಯಲ್ಲಿ ಅಳೆದದ್ದೋ, ಬೋರ್ಡಿನ ಅಂಚಿನಲ್ಲಿ ಅಳೆದದ್ದೋ? ಆ ಕಾಲದ ಸಾಮಾನ್ಯ ಟಿಟಿಎಲ್ ಚಿಪ್ಪುಗಳು 4.75ರಿಂದ 5.25 ವೋಲ್ಟಿನವರೆಗೆ ಸರಿಯಾಗಿ ಕೆಲಸ ಮಾಡುತ್ತವೆ. ಬೋರ್ಡ್ ಐದು ಆಂಪಿಯರ್ ಎಳೆಯುವುದಾದರೆ, ತಂತಿ ಮತ್ತು ಸಂಪರ್ಕಗಳ ಒಟ್ಟು ರೋಧವು 0.05 ಓಮ್ ಆದರೂ ಸಾಕು, ದಾರಿಯಲ್ಲಿಯೇ 0.25 ವೋಲ್ಟ್ ಕಳೆದುಹೋಗಿ ಬೋರ್ಡಿಗೆ ತಲಪುವುದು ಸರಿಯಾಗಿ ಕೆಳಗಿನ ಗಡಿ. ಕಿಲುಬು ಹಿಡಿದ ಹಳೆಯ ಕನೆಕ್ಟರಿನಲ್ಲಿ ಇಷ್ಟು ರೋಧವು ಅಪರೂಪವಲ್ಲ. ಒಂದೇ ಬೋರ್ಡು ಒಂದು ಕ್ಯಾಬಿನೆಟ್ಟಿನಲ್ಲಿ ಆಡಿ ಇನ್ನೊಂದರಲ್ಲಿ ಮತ್ತೆ ಮತ್ತೆ ಮೊದಲಿಗೇ ಮರಳುವುದಕ್ಕೆ ಇದು ಒಂದು ಕಾರಣ. ಎರಡರ ಚೀಟಿಯೂ ‘ಹೊಂದುತ್ತದೆ’ ಎಂದೇ ಹೇಳುತ್ತಿರುತ್ತದೆ. ಋಣ 5 ವೋಲ್ಟಿನ ಕತೆಯೂ ಇಂಥದೇ. ಬಹುಮಟ್ಟಿನ ಬೋರ್ಡ್‌ಗಳಿಗೆ ಅದು ಬೇಡ. ಕೆಲವಕ್ಕೆ ಧ್ವನಿಯ ಭಾಗದಲ್ಲಿ ಬೇಕು. ಕ್ಯಾಬಿನೆಟ್ಟಿಗೆ ಕಂಪ್ಯೂಟರಿನ ಹೊಸ ವಿದ್ಯುತ್ ಪೆಟ್ಟಿಗೆಯನ್ನು ಹಾಕಿದವರು, ಆ ಪೆಟ್ಟಿಗೆಗಳ ನಿಯಮದಿಂದ 2003ರಲ್ಲಿಯೇ ಋಣ 5 ವೋಲ್ಟನ್ನು ಕೈಬಿಟ್ಟಿರುವುದನ್ನು ತಿಳಿಯದೆ, ಚಿತ್ರ ಬಂದರೂ ಶಬ್ದ ಬಾರದ ಬೋರ್ಡನ್ನು ಕೆಟ್ಟುಹೋಯಿತೆಂದು ಮೂಲೆಗೆ ಹಾಕುತ್ತಾರೆ.

ಎಲ್ಲಕ್ಕಿಂತ ದೊಡ್ಡ ಮೌನವು ಖಾಲಿ ಬಿಟ್ಟ 25 ಮತ್ತು 26ನೆಯ ಸ್ಥಾನಗಳದು. ಎಸ್‌ಎನ್‌ಕೆ ಕಂಪನಿಯು 1990ರಲ್ಲಿ ತಂದ ನಿಯೊ ಜಿಯೊ ಎಂವಿಎಸ್ ನಾಲ್ಕು ಗುಂಡಿಗಳ ವ್ಯವಸ್ಥೆ. ನಾಲ್ಕನೆಯ ಗುಂಡಿಯು 25ನೆಯದನ್ನು ಆಕ್ರಮಿಸಿತು. ಮರುವರ್ಷ ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಆರು ಗುಂಡಿಗಳನ್ನು ಬೇಡಿತು. ಅದು ಪಟ್ಟಿಯನ್ನು ಮುಟ್ಟದೆ, ಗುದ್ದಿನ ಮೂರು ಗುಂಡಿಗಳನ್ನು ಮಾತ್ರ ಜಾಮಾ ಅಂಚಿನಲ್ಲಿ ಇರಿಸಿ, ಒದೆತದ ಮೂರಕ್ಕೆ ಬೋರ್ಡಿನ ಮೇಲೆಯೇ ಪ್ರತ್ಯೇಕ ಕನೆಕ್ಟರನ್ನು ಕೊಟ್ಟಿತು. ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಅದನ್ನು ಹೂಡಿದರೆ ಆಟ ನಡೆಯುತ್ತದೆ, ಆಟಗಾರನು ಗುದ್ದುತ್ತಾನೆ, ಒದೆಯಲಾರ. ಹೊಂದಿತೇ ಎಂದರೆ ಹೊಂದಿತು, ಅರ್ಧ. ಈ ಎರಡು ಮಾರ್ಗಗಳಲ್ಲಿ ಎರಡನೆಯದೇ ಪ್ರಾಮಾಣಿಕವೆಂದು ನನ್ನ ಮತ. ಮೂಲಪಾಠಕ್ಕೆ ಕೈಹಚ್ಚದೆ ಹೆಚ್ಚಿನದನ್ನು ಅನುಬಂಧದಲ್ಲಿ ಸೇರಿಸುವ ಸಂಪಾದಕನ ಕ್ರಮ ಅದು.

ಪ್ರಕ್ಷಿಪ್ತವು ಮೂಲವನ್ನೇ ಅಳಿಸಿದ ಪ್ರಸಂಗವೂ ಉಂಟು. ನೂರಾರು ಆಟಗಳನ್ನು ಒಟ್ಟಿಗೆ ತುಂಬಿಕೊಂಡು ಬರುವ ಈಚಿನ ಚೀನೀ ಬೋರ್ಡ್‌ಗಳು ನಾಲ್ಕನೆಯ ಗುಂಡಿಗೆ 25, ಐದನೆಯದಕ್ಕೆ 26, ಆರನೆಯದಕ್ಕೆ 27 ಎಂದು ಇರಿಸಿಕೊಂಡಿವೆ. ಮೊದಲೆರಡು ಖಾಲಿ ಸ್ಥಾನಗಳು. 27 ಖಾಲಿಯಲ್ಲ, ಅದು ಭೂಸಂಪರ್ಕ. ಈ ಆಟಗಳಲ್ಲಿ ಗುಂಡಿ ಒತ್ತುವುದೆಂದರೆ ಅದರ ತಂತಿಯನ್ನು ಭೂಮಿಗೆ ಸೇರಿಸುವುದೇ ತಾನೆ. ಆದಕಾರಣ ಹಳೆಯ ಕ್ಯಾಬಿನೆಟ್ಟಿನಲ್ಲಿ ಇಂಥ ಬೋರ್ಡನ್ನಿಟ್ಟರೆ ಆರನೆಯ ಗುಂಡಿಯು ಸದಾಕಾಲ ಒತ್ತಿದಂತೆಯೇ ಇರುತ್ತದೆ. ನಮ್ಮ ಪ್ರಯೋಗಶಾಲೆಗೆ ತಂದ ಇಂಥದೊಂದು ಬೋರ್ಡಿನಲ್ಲಿ ವಿದ್ಯಾರ್ಥಿಗಳು ಎರಡು ದಿನ ಗುಂಡಿಯನ್ನೇ ಬಿಚ್ಚಿ ಕಟ್ಟುತ್ತಿದ್ದರು. ಆಟದಲ್ಲಿ ಆ ಗುಂಡಿ ಸತ್ತಂತೆ ತೋರುತ್ತಿತ್ತು. ಪರೀಕ್ಷೆಯ ಪುಟವನ್ನು ತೆರೆದಾಗ ಬಿಡುವಿಲ್ಲದೆ ಒತ್ತಿಹಿಡಿದಂತೆ ಕಾಣುತ್ತಿತ್ತು. ಬೋರ್ಡಿನ ಅಂಚಿನ ಎರಡು ಮಗ್ಗುಲುಗಳಲ್ಲಿ 27ನೆಯ ಪಟ್ಟಿಯ ಮೇಲೆ ಸಣ್ಣ ಟೇಪಿನ ತುಂಡನ್ನು ಅಂಟಿಸಿದ ಮೇಲೆ ಭೂತ ಬಿಟ್ಟಿತು.

ಈಗ ದಿಕ್ಕನ್ನು ತಿರುಗಿಸಿ ನೋಡಿರಿ. ಹೊಸ ರೀತಿಯಲ್ಲಿ ತಂತಿ ಕಟ್ಟಿದ ಕ್ಯಾಬಿನೆಟ್ಟಿನಲ್ಲಿ ನಿಜವಾದ ಹಳೆಯ ಜಾಮಾ ಬೋರ್ಡನ್ನಿಟ್ಟು ಆರನೆಯ ಗುಂಡಿಯನ್ನು ಒತ್ತಿದರೆ ಭೂಮಿಗೆ ಭೂಮಿ ಸೇರುತ್ತದೆ, ಅಷ್ಟೆ. ಎಂಟು ಭೂಸಂಪರ್ಕಗಳಲ್ಲಿ ಎರಡು ಇಲ್ಲವಾಗುವುದೇ ನಷ್ಟ. ‘ಅ’ವು ‘ಆ’ಕ್ಕೆ ಹೊಂದಿದರೆ ‘ಆ’ವು ‘ಅ’ಕ್ಕೆ ಹೊಂದಲೇಬೇಕೆಂಬ ನಮ್ಮ ಸಹಜಭಾವನೆಯು ಇಲ್ಲಿ ಮುರಿದುಬೀಳುತ್ತದೆ. ಚೀಟಿಯ ಒಂಟಿಪದವು ಈ ದಿಕ್ಕನ್ನು ಹೇಗೆ ಹೇಳೀತು?

ಜೆವಿಎಸ್ ನಿಯಮವು ಈ ಮೌನಗಳಿಗೆಲ್ಲ ಉತ್ತರವೆಂಬಂತೆ ಬಂದಿತು. ಇದರಲ್ಲಿ ಗುಂಡಿಗೊಂದು ತಂತಿ ಎಂಬ ಕ್ರಮವಿಲ್ಲ. ಗುಂಡಿಗಳನ್ನೆಲ್ಲ ಕ್ಯಾಬಿನೆಟ್ಟಿನೊಳಗಿನ ಐಒ ಬೋರ್ಡ್ ಓದಿ, ಆರ್‌ಎಸ್-485 ಎಂಬ ಸರಣಿ ಪದ್ಧತಿಯಲ್ಲಿ, ಸೆಕೆಂಡಿಗೆ 1,15,200 ಬಿಟ್‌ಗಳ ವೇಗದಲ್ಲಿ ಆಟದ ಬೋರ್ಡಿಗೆ ವರದಿ ಮಾಡುತ್ತದೆ. ಮೊದಲು ಆಟವು ಕೇಳುತ್ತದೆ: ನೀನು ಯಾರು, ನಿನ್ನಲ್ಲಿ ಎಷ್ಟು ಗುಂಡಿಗಳಿವೆ, ನಾಣ್ಯದ ದಾರಿಗಳೆಷ್ಟು? ಐಒ ಬೋರ್ಡ್ ಉತ್ತರಿಸುತ್ತದೆ. ಖಾಲಿ ಸ್ಥಾನಗಳನ್ನು ಯಾರೂ ಕದಿಯುವಂತಿಲ್ಲ. ಇದ್ದದ್ದನ್ನು ಇದ್ದಂತೆ ಸಾರುವ ವ್ಯವಸ್ಥೆ. ಕಲ್ಪನೆಯು ನಿಸ್ಸಂದೇಹವಾಗಿ ಹಿರಿದು.

ಆದರೆ ಎರಡು ದೋಷಗಳನ್ನು ಹೇಳದೆ ಇರಲಾಗದು. ಮೊದಲನೆಯದು ಕನೆಕ್ಟರಿನದು. ಆ ವೇಳೆಗೆ ಹೊಸದಾಗಿ ಬಂದಿದ್ದ ಯುಎಸ್‌ಬಿಯ ಆಕಾರವನ್ನೇ ನಿಯಮಕರ್ತರು ಎತ್ತಿಕೊಂಡರು. ಯುಎಸ್‌ಬಿಯ ಭಾಷೆಯನ್ನು ಎತ್ತಿಕೊಳ್ಳಲಿಲ್ಲ. ತೆಲುಗು-ಕನ್ನಡ ಲಿಪಿಯ ಹಳೆಯ ಶಾಸನವನ್ನು ಕಂಡ ಹೊಸ ವಿದ್ಯಾರ್ಥಿಯು ಅಕ್ಷರಗಳನ್ನೆಲ್ಲ ಗುರುತಿಸಿಯೂ ಭಾಷೆಯನ್ನು ತಪ್ಪಾಗಿ ಊಹಿಸುವಂತೆ, ಇಲ್ಲಿಯೂ ಲಿಪಿ ಒಂದು, ಭಾಷೆ ಬೇರೆ. ಯುಎಸ್‌ಬಿಯಲ್ಲಿ 5 ವೋಲ್ಟ್ ಇರುವ ತಂತಿಯು ಜೆವಿಎಸ್‌ನಲ್ಲಿ ಎದುರಿನವರ ಇರವನ್ನು ತಿಳಿಸುವ ಸೂಚನೆಯ ತಂತಿ. ಅದರಲ್ಲಿ 5 ವೋಲ್ಟ್ ಎಂದರೆ ಯಾರೂ ಇಲ್ಲ, 2.5 ಎಂದರೆ ವಿಳಾಸ ಪಡೆಯದವರೊಬ್ಬರು ಇದ್ದಾರೆ, ಸೊನ್ನೆ ಎಂದರೆ ಎಲ್ಲರಿಗೂ ವಿಳಾಸ ದೊರೆತಿದೆ. ಕಂಪ್ಯೂಟರಿಗೆ ಈ ಕೇಬಲನ್ನು ತೂರಿಸಿದವನು ತನ್ನ ಇರವನ್ನು ಸಾರುವ ಬದಲು ‘ಇಲ್ಲಿ ಯಾರೂ ಇಲ್ಲ’ ಎಂದು ಸಾರಿದಂತಾಗುತ್ತದೆ!

ಎರಡನೆಯ ದೋಷವು ಇನ್ನೂ ಗಂಭೀರ. ‘ನೀನು ಯಾರು’ ಎಂಬ ಪ್ರಶ್ನೆಗೆ ಐಒ ಬೋರ್ಡ್ ಕೊಡುವ ಉತ್ತರದಲ್ಲಿ ತಯಾರಕರ ಹೆಸರೂ ಬೋರ್ಡಿನ ಸಂಖ್ಯೆಯೂ ಇರುತ್ತವೆ. ಸಾಮರ್ಥ್ಯವನ್ನು ಕೇಳುವುದಕ್ಕೆ ಬೇರೆಯೇ ಪ್ರಶ್ನೆಯಿದ್ದರೂ ಆಟವು ಹೆಸರನ್ನೇ ನೋಡಿ ಒಪ್ಪಬಹುದು, ನಿರಾಕರಿಸಬಹುದು. ಐಒ ಬೋರ್ಡಿನ ಪಾತ್ರವನ್ನು ವಹಿಸುವ ಓಪನ್ ಜೆವಿಎಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಸೆಗಾ, ನಾಮ್ಕೊ, ಕ್ಯಾಪ್‌ಕಾಮ್ ಎಂದು ಬೇರೆ ಬೇರೆ ವೇಷಗಳನ್ನು ಸಿದ್ಧವಾಗಿ ಇರಿಸಿರುವುದೇ ಇದಕ್ಕೆ ಸಾಕ್ಷಿ. ಗುಣವನ್ನು ಸಾರುವುದಕ್ಕೆಂದು ಹುಟ್ಟಿದ ನಿಯಮವು ಕುಲವನ್ನು ವಿಚಾರಿಸುವ ಸಾಧನವೂ ಆಯಿತು. ಜಾಮಾದಲ್ಲಿ ಹೊಂದಾಣಿಕೆ ತಪ್ಪಿದರೆ ಒದೆತ ಹೋಗುತ್ತಿತ್ತು, ಆಟ ಉಳಿಯುತ್ತಿತ್ತು. ಇಲ್ಲಿ ಐಒ ಬೋರ್ಡ್ ಉತ್ತರಿಸದಿದ್ದರೆ ಆಟವು ದೋಷದ ಸಂದೇಶವನ್ನು ತೋರಿ ನಿಂತುಬಿಡುತ್ತದೆ.

ನಡುವೆ ಒಂದು ಪರಿವರ್ತಕ ಬೋರ್ಡನ್ನಿಟ್ಟರೆ ಎಲ್ಲವೂ ಸರಿಹೋಗುವುದಲ್ಲವೆ ಎಂದು ಕೇಳುವವರಿದ್ದಾರೆ. ಸೆಗಾ ಕಂಪನಿಯ ನಯೋಮಿ (1998) ಬೋರ್ಡನ್ನು ಜಾಮಾ ಕ್ಯಾಬಿನೆಟ್ಟಿಗೆ ಸೇರಿಸುವ ಐಒ ಬೋರ್ಡನ್ನು ಕ್ಯಾಪ್‌ಕಾಮ್ ಕಂಪನಿಯೇ ತಯಾರಿಸಿತು. ಗುಂಡಿಗಳ ಪ್ರಶ್ನೆ ಅದರಿಂದ ತೀರುತ್ತದೆ. ಆದರೆ ನಯೋಮಿಗೆ ಬೇಕಾದ 3.3 ವೋಲ್ಟ್ ಜಾಮಾ ಪಟ್ಟಿಯಲ್ಲಿಯೇ ಇಲ್ಲ. ಅದನ್ನು ಬೇರೆ ತರಬೇಕು. ಹಳೆಯ ಪರದೆಯು 15 ಕಿಲೋಹರ್ಟ್ಸಿನದು, ನಯೋಮಿ 31ರಲ್ಲಿಯೂ ಚಿತ್ರ ಕಳುಹಿಸುತ್ತದೆ. ಬೋರ್ಡಿನ ಮೇಲಿನ ಚಿಕ್ಕ ಸ್ವಿಚ್ಚಿನಿಂದ 15ಕ್ಕೆ ಇಳಿಸಬಹುದಾದರೂ ಅದನ್ನು ಒಪ್ಪದ ಆಟಗಳೂ ಇವೆ. ಪರಿವರ್ತಕವು ಒಂದು ಪದರದ ಭೇದವನ್ನು ತೀರಿಸುವುದರಿಂದ ಉಳಿದ ಪದರಗಳ ಭೇದವು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಆದಕಾರಣ ಸಂಗ್ರಹಾಲಯಗಳೂ ಪ್ರಯೋಗಶಾಲೆಗಳೂ ‘ಹೊಂದುತ್ತದೆ’ ಎಂಬ ಚೀಟಿಯನ್ನು ಕಿತ್ತು, ಆ ಜಾಗದಲ್ಲಿ ಬೋರ್ಡಿನ ಬೇಡಿಕೆಗಳನ್ನೇ ಬರೆದಿಡುವುದು ಲೇಸು. ಮೇಲೆ ಹೇಳಿದ ನಮ್ಮ ಬೋರ್ಡಿನ ಚೀಟಿಯನ್ನು ಒಬ್ಬ ವಿದ್ಯಾರ್ಥಿನಿ ತಿದ್ದಿದ್ದಾಳೆ. ಅದರಲ್ಲಿ ಈಗ ಹೀಗಿದೆ: ‘5 ವೋಲ್ಟ್, ಅಂಚಿನಲ್ಲಿ ಅಳೆಯಿರಿ, ಋಣ 5 ಬೇಡ, 25, 26, 27 ಗುಂಡಿಗಳು, ಹಳೆಯ ಕ್ಯಾಬಿನೆಟ್ಟಿನಲ್ಲಿ 27ರ ಟೇಪನ್ನು ತೆಗೆಯಬೇಡಿ.’