ಕಂದು ಫಲಕಕ್ಕೆ ಅರ್ಜಿ ಹಾಕುವವರು ಯಾರು?

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಟೋಲ್ ದರ, ಸರ್ವಿಸ್ ರಸ್ತೆ, ಚನ್ನಪಟ್ಟಣದ ಬೊಂಬೆ ವ್ಯಾಪಾರ, ಮದ್ದೂರು ವಡೆ ಎಲ್ಲದರ ಬಗ್ಗೆಯೂ ಗದ್ದಲವಾಯಿತು. ಆ ಗದ್ದಲದಲ್ಲಿ ಹಿಂದೆ ಬಿದ್ದ ವಿಷಯವೊಂದಿದೆ: ದಾರಿ ತೋರುವ ಫಲಕ. ಹಳೆ ರಸ್ತೆಯಲ್ಲಿ ಶ್ರೀರಂಗಪಟ್ಟಣಕ್ಕೆ ಫಲಕ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬಸ್ಸಿನ ಕಿಟಕಿಯಿಂದಲೇ ಕೋಟೆ ಕಾಣುತ್ತಿತ್ತು, ಮಕ್ಕಳು ಇಳಿಯೋಣ ಅಂತ ಹಟ ಹಿಡಿಯುತ್ತಿದ್ದರು. ಬೈಪಾಸ್‌ನಲ್ಲಿ ಆ ಅವಕಾಶವಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಫಲಕ ಓದಿ, ಪಕ್ಕದವರನ್ನು ಕೇಳಿ, ಎಡಕ್ಕೆ ಸರಿಯುವ ಹೊತ್ತಿಗೆ ತಿರುವು ಹಿಂದೆ ಉಳಿದಿರುತ್ತದೆ. ಆಮೇಲೆ ಮೈಸೂರೇ ಗತಿ.

ನಿಯಮಗಳಿಗೇನೂ ಬರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 67 ಸಂಹಿತೆ ಪ್ರವಾಸಿ ತಾಣಗಳಿಗೆ ಕಂದು ಬಣ್ಣದ ಮೇಲೆ ಬಿಳಿ ಅಕ್ಷರವನ್ನು ಗೊತ್ತುಮಾಡಿದೆ. ಹೆದ್ದಾರಿಯ ಹಸಿರು ಫಲಕ ಊರಿಗೆ, ಕಂದು ಫಲಕ ನೋಡತಕ್ಕ ಜಾಗಕ್ಕೆ. ತಿರುವಿಗೆ ಮುಂಚೆಯೇ ಸೂಚನೆ ಕೊಡಬೇಕು, ವೇಗ ಹೆಚ್ಚಿದಂತೆ ಅಕ್ಷರದ ಗಾತ್ರವೂ ಹೆಚ್ಚಬೇಕು. ಇಷ್ಟೆಲ್ಲ ಕಾಗದದ ಮೇಲಿದೆ.

ಆದರೆ ಫಲಕ ಬೇಕು ಎಂದು ಕೇಳುವವರು ಯಾರು, ಕೇಳುವುದು ಯಾರನ್ನು? ಬ್ರಿಟನ್ನಿನಲ್ಲಿ ಇದಕ್ಕೊಂದು ದಾರಿಯಿದೆ. ತಾಣ ನಡೆಸುವವರೇ ರಸ್ತೆ ಪ್ರಾಧಿಕಾರಕ್ಕೆ ಅರ್ಜಿ ಹಾಕುತ್ತಾರೆ, ಸಾಮಾನ್ಯವಾಗಿ ಖರ್ಚನ್ನೂ ಅವರೇ ಭರಿಸುತ್ತಾರೆ. ನಮ್ಮಲ್ಲಿ ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಗೆ ಫಲಕ ಬೇಕೆಂದುಕೊಳ್ಳಿ. ಗುಡಿ ಪುರಾತತ್ವ ಇಲಾಖೆಯದು. ರಾಜ್ಯ ಹೆದ್ದಾರಿ ಲೋಕೋಪಯೋಗಿಯದು, ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಪ್ರಚಾರ ಪ್ರವಾಸೋದ್ಯಮ ಇಲಾಖೆಯ ಬಾಬತ್ತು. ರಾಷ್ಟ್ರೀಯ ಹೆದ್ದಾರಿಯಿಂದಲೇ ಕರೆತರಬೇಕೆಂದರೆ ಅದಕ್ಕೆ ಬೇರೆಯೇ ಪ್ರಾಧಿಕಾರ. ಇಷ್ಟು ಟೇಬಲ್ಲುಗಳ ನಡುವೆ ಒಂದು ಕಡತ ಕೂತುಬಿಟ್ಟರೆ ಅದನ್ನು ಎಬ್ಬಿಸಲು ಗ್ರಾಮ ಪಂಚಾಯಿತಿ ಅಧ್ಯಕ್ಷರಿಂದ ಆಗುವ ಮಾತಲ್ಲ.

ಹಾಗಾಗಿ ಮಂಡ್ಯ ಸೀಮೆಯಲ್ಲಿ ನಿಜವಾಗಿ ದಾರಿ ತೋರುತ್ತಿರುವುದು ಸ್ವಾಗತ ಕಮಾನು. ಭಕ್ತರಿದ್ದಾರೆ, ದಾನಿಗಳಿದ್ದಾರೆ, ಕಮಾನು ಏಳುತ್ತದೆ. ಕೆಲವೊಮ್ಮೆ ದೇವರ ಹೆಸರಿಗಿಂತ ದಾನಿಗಳ ಹೆಸರೇ ದಪ್ಪಗಿರುತ್ತದೆ. ಅದರಲ್ಲಿ ತಪ್ಪು ಹುಡುಕಬೇಕಿಲ್ಲ, ಯಾರಾದರೂ ಮಾಡಿದರಲ್ಲ. ತೊಂದರೆ ಎರಡು: ಕಮಾನು ನಿಲ್ಲುವುದು ತಿರುವಿನಲ್ಲೇ ಹೊರತು ತಿರುವಿಗೆ ಮೊದಲಲ್ಲ, ಮತ್ತು ಭಕ್ತರಿಲ್ಲದ ಸ್ಮಾರಕಕ್ಕೆ ಕಮಾನು ಕಟ್ಟುವವರಿಲ್ಲ. ಮೇಲುಕೋಟೆಗೂ ಆದಿಚುಂಚನಗಿರಿಗೂ ಹೋಗುವವರು ಹೇಗಾದರೂ ಹೋಗುತ್ತಾರೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯ ಪಾಡು ಬೇರೆ. ಪಕ್ಕದ ಶ್ರವಣಬೆಳಗೊಳಕ್ಕೆ ಬಂದವರಲ್ಲಿ ಎಷ್ಟೋ ಮಂದಿ ಅದರ ಹೆಸರನ್ನೂ ಕೇಳದೆ ಊರಿಗೆ ಮರಳುತ್ತಾರೆ.

ಕೆ.ಆರ್. ಪೇಟೆ ತಾಲ್ಲೂಕಿನ ನಷ್ಟ ಇನ್ನೂ ದೊಡ್ಡದು. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ಪೇಟೆಗೆ ಅಂಟಿದಂತೆ ಎರಡು ಮೂರು ಕಿ.ಮೀ. ದೂರದಲ್ಲಿದೆ. ತಳದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ. ಅವುಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆ. ಒಳಗೆ ಕನ್ನಡಿಯಂತೆ ಹೊಳೆಯುವ ನವರಂಗದ ಕಂಬಗಳು. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತ ಪಂಚಲಿಂಗೇಶ್ವರ. ರೂವಾರಿ ಮಲ್ಲಿತಮ್ಮನ ಕೈ ಅಲ್ಲೂ ಆಡಿದೆ. ಅದೇ ಮಲ್ಲಿತಮ್ಮ ಕೆಲಸ ಮಾಡಿದ ಸೋಮನಾಥಪುರ 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಗ್ರಹಾರ ಬಾಚಹಳ್ಳಿಯಲ್ಲಿ ಒಡೆಯನೊಂದಿಗೆ ಪ್ರಾಣ ಬಿಟ್ಟ ‘ಗರುಡ’ ಅಂಗರಕ್ಷಕರ ನೆನಪಿಗೆ ನೆಟ್ಟ ಕಂಬಗಳಿವೆ, ತುದಿಯಲ್ಲಿ ಆನೆಗಳು. ಇವು ಯಾವುವೂ ಅರ್ಜಿ ಹಾಕಲಾರವು.

ಮೊಬೈಲ್ ಇರುವಾಗ ಫಲಕ ಯಾಕೆ ಅನ್ನುವವರಿದ್ದಾರೆ. ಗೋವಿಂದನಹಳ್ಳಿ ಎಂದು ಟೈಪ್ ಮಾಡಲು ಮೊದಲು ಅಂಥದ್ದೊಂದು ಊರಿದೆ, ಅಲ್ಲೊಂದು ಗುಡಿಯಿದೆ ಎಂದು ಗೊತ್ತಿರಬೇಕಲ್ಲ? ಗೊತ್ತಿಲ್ಲದವರ ಕಣ್ಣಿಗೆ ಬೀಳುವುದಕ್ಕೇ ಫಲಕ ಬೇಕಾಗಿರುವುದು. ಪ್ರವಾಸಿಗರ ಸಂಖ್ಯೆ ನೋಡಿ ಫಲಕ ಮಂಜೂರು ಮಾಡುವ ಪದ್ಧತಿಯನ್ನು ಇಲ್ಲಿಗೆ ತರಬಾರದೆಂದು ನಾನು ಹೇಳುವುದೂ ಇದಕ್ಕೇ. ಜನ ಬರದೆ ಫಲಕವಿಲ್ಲ, ಫಲಕವಿಲ್ಲದೆ ಜನ ಬರುವುದಿಲ್ಲ.

ವಿಚಿತ್ರವೆಂದರೆ ಕೇಂದ್ರ ಪುರಾತತ್ವ ಇಲಾಖೆಯ ನೀಲಿ ಫಲಕ ಮಾತ್ರ ಸ್ಮಾರಕದ ಬಾಗಿಲಲ್ಲೇ ಸಿಗುತ್ತದೆ: ಇದು ಸಂರಕ್ಷಿತ ಸ್ಮಾರಕ, ಹಾನಿ ಮಾಡಿದರೆ ಜೈಲು, ದಂಡ. ಅಲ್ಲಿಗೆ ಬಂದು ಸೇರಿದವನಿಗೆ ಎಚ್ಚರಿಕೆ ಕೊಡುವಷ್ಟು ಶಿಸ್ತು, ಬರುವವನಿಗೆ ದಾರಿ ಹೇಳುವುದರಲ್ಲಿ ಇಲ್ಲ.

ಇರುವ ಕಂದು ಫಲಕಗಳ ಗತಿಯನ್ನೂ ನೋಡಬೇಕು. ಒಂದೇ ಕಂಬಕ್ಕೆ ರಂಗನಾಥಸ್ವಾಮಿ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ರಂಗನತಿಟ್ಟು ಎಲ್ಲವನ್ನೂ ತಗುಲಿಸಿದರೆ ಓದುವವರು ಗಾಡಿ ನಿಲ್ಲಿಸಬೇಕಾಗುತ್ತದೆ. ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವವರಿಗೆ ಈ ಕಂಬಗಳೆಂದರೆ ಬಲು ಇಷ್ಟ. ಕಬ್ಬಿನ ಟ್ರ್ಯಾಕ್ಟರ್ ತಗುಲಿ ವಾಲಿದ ಫಲಕ ಆಕಾಶಕ್ಕೆ ದಾರಿ ತೋರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಲಂಟಾನ ಅರ್ಧ ಅಕ್ಷರ ನುಂಗಿರುತ್ತದೆ.

ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದೇ ಕಿಟಕಿ, ಒಂದೇ ಪುಟದ ಅರ್ಜಿ ಇಟ್ಟರೆ ಸಾಕು. ಗ್ರಾಮ ಪಂಚಾಯಿತಿಯಾಗಲಿ, ಶಾಲೆಯ ಮೇಷ್ಟರಾಗಲಿ ಹಾಕುವಂತಿರಲಿ, ಖರ್ಚು ಪ್ರವಾಸೋದ್ಯಮ ಇಲಾಖೆಯದಾಗಲಿ. ಅರ್ಜಿಯಲ್ಲಿ ತಾಣದ ಹೆಸರು, ಕೂಡುರಸ್ತೆಗಳ ಪಟ್ಟಿಯ ಜೊತೆ ಇನ್ನೊಂದು ಕಾಲಂ ಇರಲಿ: ವರ್ಷಕ್ಕೊಮ್ಮೆ ಪೊದೆ ಸವರಿ, ಫ್ಲೆಕ್ಸ್ ಕಿತ್ತು, ಫಲಕ ಒರೆಸುವ ಹೊಣೆ ಯಾರದು? ಅದು ಖಾಲಿಯಿದ್ದರೆ ಅರ್ಜಿಯನ್ನು ವಾಪಸ್ ಕಳಿಸಬಹುದು.