ಗದಗಿನ ಪುಣ್ಯಾಶ್ರಮ: ದಾಸೋಹ, ದುಡಿಮೆ, ತುಲಾಭಾರ

ಗದಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಸ್ತುತಿಗಳು. ಗಾನಯೋಗಿ ಪಂಚಾಕ್ಷರಿ ಗವಾಯಿಗಳನ್ನೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳನ್ನೂ ದೇವರ ಸ್ಥಾನದಲ್ಲಿ ಕೂರಿಸಿದ ಮೇಲೆ ಸಂಸ್ಥೆ ನಡೆದದ್ದು ಹೇಗೆ, ಅನ್ನ ಬಂದದ್ದು ಎಲ್ಲಿಂದ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಈ ಆಶ್ರಮದ ಹಿರಿಮೆ ಅಡಗಿರುವುದೇ ಆ ಪ್ರಶ್ನೆಗೆ ಸಿಗುವ ಉತ್ತರದಲ್ಲಿ. ಅದರ ಇಂದಿನ ಇಕ್ಕಟ್ಟು ಇರುವುದೂ ಅಲ್ಲೇ.

ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು, ಹುಟ್ಟು ಕುರುಡರು. ಹಾನಗಲ್ ಕುಮಾರಸ್ವಾಮಿಗಳು ಅವರ ಕಂಠವನ್ನು ಗುರುತಿಸಿ ಆಶ್ರಯ ಕೊಟ್ಟರು, ಕಲಿಯಲು ಕಳಿಸಿದರು. ಕರ್ನಾಟಕ ಸಂಗೀತದ ಪಾಠ ಮುಗಿಸಿ, ನೀಲಕಂಠಬುವಾ ಮಿರಜಕರ ಬಳಿ ಹಿಂದೂಸ್ತಾನಿ ಕಲಿತು ಬಂದ ಪಂಚಾಕ್ಷರಿಗಳು ಒಂದು ಕಡೆ ನೆಲೆ ನಿಲ್ಲಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುವ ಸಂಚಾರಿ ಪಾಠಶಾಲೆ ನಡೆಸಿದರು. ಊರವರು ಜೋಳ ಕೊಟ್ಟರೆ ಶಿಷ್ಯರ ಹೊಟ್ಟೆ ತುಂಬಿತು. ಊರವರಿಗೆ ಹಾಡು ಸಿಕ್ಕಿತು. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಆಸರೆಯಿಂದ ಆಶ್ರಮಕ್ಕೊಂದು ನೆಲೆಯಾಯಿತು.

ಸಂಗೀತದ ಮೂಲಕ ದಾನ ಎತ್ತುವ ಇನ್ನೊಂದು ಬಗೆಯನ್ನು ಜಗತ್ತು ಚೆನ್ನಾಗಿ ಬಲ್ಲದು. 1971ರ ಆಗಸ್ಟ್ 1ರಂದು ಪಂಡಿತ್ ರವಿಶಂಕರ್ ಅವರ ಕೋರಿಕೆಯಂತೆ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ಏರ್ಪಡಿಸಿದ ಕಛೇರಿ ಅದಕ್ಕೆ ಹೆಸರಾಂತ ನಿದರ್ಶನ. ಅಲ್ಲಿ ಹಾಡಿದವರು ತಾರೆಗಳು, ನೆರವು ಪಡೆಯಬೇಕಾದವರು ಸಾವಿರಾರು ಮೈಲಿ ಆಚೆಯವರು. ಗದಗಿನಲ್ಲಿ ಹಾಡುವವನೂ ಉಣ್ಣುವವನೂ ಒಬ್ಬನೇ. ಕಣ್ಣಿಲ್ಲದ ಹುಡುಗ ಇಲ್ಲಿ ಯಾರದೋ ಕರುಣೆಯನ್ನು ಕಾಯುತ್ತ ಕೂರುವುದಿಲ್ಲ. ತನ್ನ ಅನ್ನಕ್ಕೆ ತಾನೇ ತಾನಪುರ ಮೀಟುತ್ತಾನೆ.

ಈ ತತ್ವ ಅತ್ಯಂತ ಗಟ್ಟಿಯಾಗಿ ಕಾಣಿಸಿದ್ದು ಆಶ್ರಮದ ನಾಟಕ ಕಂಪನಿಯಲ್ಲಿ. ಗುರು ತೀರಿಕೊಂಡಾಗ ಪುಟ್ಟರಾಜರ ಹೆಗಲಿಗೆ ಬಿದ್ದದ್ದು ಮಕ್ಕಳ ಹೊಟ್ಟೆ ಮತ್ತು ಸಾಲ. ಅವರು ನಾಟಕ ಬರೆದರು, ಅಂಧ ಕಲಾವಿದರಿಂದ ಆಡಿಸಿದರು, ಊರೂರಿನಲ್ಲಿ ಕ್ಯಾಂಪು ಹಾಕಿಸಿದರು. ‘ಹೇಮರೆಡ್ಡಿ ಮಲ್ಲಮ್ಮ’ ಜನರ ಬಾಯಲ್ಲಿ ನಿಂತಿತು. ಕಂಪನಿ ನಾಟಕದ ಇತಿಹಾಸ ಬರೆಯುವವರು ಇದನ್ನು ಭಕ್ತಿನಾಟಕವೆಂದು ಬದಿಗೆ ಸರಿಸುವುದುಂಟು. ಸಾಹಿತ್ಯವಾಗಿ ಅದಕ್ಕೆ ಮಿತಿಗಳಿರಬಹುದು. ಆದರೆ ಟಿಕೆಟ್ ಕೊಂಡು ಒಳಗೆ ಬಂದ ಪ್ರೇಕ್ಷಕ ಅಂಧ ನಟನನ್ನು ನಟನೆಂದೇ ಅಳೆಯುತ್ತಾನೆ. ಹಾಡು ಚೆನ್ನಾಗಿದ್ದರೆ ‘ಒನ್ಸ್ ಮೋರ್’, ಇಲ್ಲದಿದ್ದರೆ ಗಲಾಟೆ. ಇಂಥ ಸಮಾನತೆ ಯಾವ ಅನುದಾನದಿಂದಲೂ ಬರುವುದಲ್ಲ.

ಆಶ್ರಮದ ಎರಡನೆಯ ಸಾಧನೆ ಅದು ಹಳ್ಳಿಗೆ ಹಿಂತಿರುಗಿಸಿದ ಜನ. ಬಸವರಾಜ ರಾಜಗುರು ಪಂಚಾಕ್ಷರಿಗಳ ಶಿಷ್ಯರು, ಪಂಡಿತ್ ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತವರು. ಇವರಿಬ್ಬರಿಗೂ ಕಣ್ಣಿನ ತೊಂದರೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬಡವರ ಮಕ್ಕಳು ಯಾರೇ ಬಂದರೂ ಆಶ್ರಮ ಉಚಿತವಾಗಿ ಊಟ, ವಸತಿ, ವಿದ್ಯೆ ಕೊಟ್ಟಿತು. ಅಂಧರನ್ನು ಬೇರೆಯೇ ಕೋಣೆಯಲ್ಲಿ ಕೂರಿಸಲಿಲ್ಲ. ಆದರೂ ಆಶ್ರಮವನ್ನು ಅಳೆಯಬೇಕಾದದ್ದು ಪದ್ಮ ಪ್ರಶಸ್ತಿಗಳಿಂದಲ್ಲ. ಶ್ರಾವಣದಲ್ಲಿ ಉತ್ತರ ಕರ್ನಾಟಕದ ಊರುಗಳಲ್ಲಿ ಪುರಾಣ ಹಚ್ಚುತ್ತಾರೆ. ಪುರಾಣಿಕರ ಪಕ್ಕ ಹಾರ್ಮೋನಿಯಂ ಹಿಡಿದ ಗವಾಯಿ, ತಬಲಾದವರು ಇರಲೇಬೇಕು. ಆ ಜಾಗದಲ್ಲಿ ಕೂತವರು, ಶಾಲೆಗಳಲ್ಲಿ ಸಂಗೀತ ಮೇಷ್ಟ್ರಾದವರು, ಮಠಗಳಲ್ಲಿ ಭಜನೆ ಕಲಿಸುವವರು ಇವರೆಲ್ಲರಲ್ಲಿ ಆಶ್ರಮದ ನಿಜವಾದ ಫಲವಿದೆ. ಖಯಾಲನ್ನೂ ವಚನವನ್ನೂ ಒಂದೇ ಬಾಯಲ್ಲಿ ಹಾಡುವ ಇವರಿಂದಾಗಿ ಹಿಂದೂಸ್ತಾನಿ ಸಂಗೀತ ಧಾರವಾಡದ ಮನೆತನಗಳ ಸೊತ್ತಾಗಿ ಉಳಿಯದೆ ಹಳ್ಳಿಯ ಕಟ್ಟೆ ಹತ್ತಿತು.

ಇನ್ನು ದೋಷದ ಮಾತು. ಕಂಪನಿ ನಾಟಕದ ಕಾಲ ಇಳಿಯುತ್ತ ಬಂದಂತೆ ಆಶ್ರಮದ ಕಣಜ ತುಂಬುವ ಭಾರ ಹೆಚ್ಚುಹೆಚ್ಚಾಗಿ ಪುಟ್ಟರಾಜರ ತುಲಾಭಾರಗಳ ಮೇಲೆ ಬಿತ್ತು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯ, ಧಾನ್ಯ ತೂಗಿದರು. ಅವರು ಅದನ್ನೆಲ್ಲ ಮಕ್ಕಳ ದಾಸೋಹಕ್ಕೆ ಹಾಕಿದರು. ಅವರ ನಿಸ್ಪೃಹತೆ ಪ್ರಶ್ನಾತೀತ. ಆದರೆ ಟಿಕೆಟ್ಟಿನ ಹಣ ಹುಡುಗರ ಹಾಡಿಗೆ ಬರುತ್ತಿತ್ತು, ತುಲಾಭಾರದ ಹಣ ಗುರುವಿನ ವ್ಯಕ್ತಿತ್ವಕ್ಕೆ ಬಂತು. ದುಡಿಮೆಯ ಸಂಸ್ಥೆ ನಿಧಾನವಾಗಿ ಭಕ್ತಿಯ ಸಂಸ್ಥೆಯಾಯಿತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಒಬ್ಬ ಮನುಷ್ಯನ ತೂಕಕ್ಕೆ ಕಟ್ಟಿದ ಆದಾಯ ಆತನೊಂದಿಗೇ ಸೊರಗುವ ಅಪಾಯವಿದೆ ಎಂಬುದನ್ನು ಹೇಳಲು ಭಕ್ತಿ ಅಡ್ಡ ಬರಬಾರದು.

1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ತಂದಿತು, ಆಶ್ರಮವನ್ನು ಮನೆಮಾತು ಮಾಡಿತು. ಜನಮನದಲ್ಲಿ ಗಟ್ಟಿಯಾಗಿ ಉಳಿದದ್ದು ಮಾತ್ರ ಪವಾಡದ ಗುರುವಿನ ಚಿತ್ರವೇ. ದುಡಿದ ಶಿಷ್ಯರು ಹಿಂದೆ ಸರಿದರು. ನಮ್ಮ ಗೌರವವೂ ಅದೇ ದಾರಿ ಹಿಡಿದಿದೆ. ಆಶ್ರಮದಲ್ಲಿ ಕಲಿತ ಅಂಧ ಗಾಯಕನನ್ನು ಕರೆಸಿ, ಶಾಲು ಹೊದಿಸಿ, ಹಾರ ಹಾಕಿ, ಬಸ್ ಚಾರ್ಜು ಕೈಗಿಟ್ಟು ಕಳಿಸುವ ಸಂಘಟಕರು ಎಷ್ಟೋ ಮಂದಿ. ಪಂಚಾಕ್ಷರಿಗಳು ಆತನಿಗೆ ಕೊಟ್ಟದ್ದು ವೃತ್ತಿಯನ್ನು. ನಾವು ಅದನ್ನು ಮತ್ತೆ ಭಿಕ್ಷೆಗೆ ಇಳಿಸುತ್ತಿದ್ದೇವೆ.

ಹಾಗಾಗಿ ಸಂಗೀತಸಭೆಗಳಲ್ಲಿ, ಜಾತ್ರಾ ಸಮಿತಿಗಳಲ್ಲಿ, ಸರ್ಕಾರಿ ಉತ್ಸವಗಳ ಹೊಣೆಯಲ್ಲಿ ಇರುವವರಿಗೆ ಒಂದು ಮಾತು. ಆಶ್ರಮಕ್ಕೆ ಅಕ್ಕಿಮೂಟೆ ಕಳಿಸುವುದು ಒಳ್ಳೆಯದೇ, ಕಳಿಸಿ. ಅದರ ಜೊತೆಗೆ ಅಲ್ಲಿ ಕಲಿತವರಿಗೆ ಕಛೇರಿ ಕೊಡಿ, ಕಣ್ಣಿದ್ದ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಡಿ, ಹಾಡು ಚೆನ್ನಾಗಿರದಿದ್ದರೆ ಹಾಗೆಂದು ಹೇಳಿ. ಪುಣ್ಯಾಶ್ರಮದ ಮೂಲ ಕರಾರು ಇದೇ ಆಗಿತ್ತು.